'ಯಾವ ಟೈರ್ ಆದರೂ 50,000 ಕಿ.ಮೀ.' ಮೆಸೇಜ್: ಸ್ಪಷ್ಟನೆ

'ಯಾವ ಟೈರ್ ಆದರೂ 50,000 ಕಿ.ಮೀ. ಗ್ಯಾರಂಟಿ, ಅಲ್ಲಿವರೆಗೂ ಮುಟ್ಟಬೇಡಿ' ಎಂಬ ಮೆಸೇಜ್ ಮೈಸೂರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಹೈ ಪರ್ಫಾರ್ಮೆನ್ಸ್ ಟೈರಿನ (ವೇಗದ ಕಾರುಗಳಿಗೆಂದು ಮಾಡಿದ ಟೈರ್) ರಬ್ಬರ್ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಹಿಡಿತ ಜಾಸ್ತಿ, ಸವೆತವೂ ಜಾಸ್ತಿ. ಅರ್ಧ ದೂರಕ್ಕೇ ಸವೆದರೆ ಆಶ್ಚರ್ಯವಿಲ್ಲ.

ಕಿ.ಮೀ. ಲೆಕ್ಕ ಬಿಡಿ, ಟೈರನ್ನೇ ನೋಡಿ. ಗ್ರೂವ್ (ಟೈರ್ ಮೇಲ್ಮೈಯ ಕಾಲುವೆಯಂಥ ಗೀರು) ಒಳಗೆ ಅಡ್ಡಕ್ಕೆ ಸಣ್ಣ ಉಬ್ಬುಗಳಿರುತ್ತವೆ, 1.6 ಮಿ.ಮೀ. ಎತ್ತರ. ಮೇಲಿನ ರಬ್ಬರ್ ಅದಕ್ಕೆ ಸಮ ಬಂತೆಂದರೆ ಬದಲಿಸಲೇಬೇಕು. ಮಳೆಗಾಲದಲ್ಲಿ ಬೆಂಗಳೂರು ಹೆದ್ದಾರಿ ಹಿಡಿಯುವವರು ದಯವಿಟ್ಟು ಅಲ್ಲಿವರೆಗೂ ಕಾಯಬೇಡಿ, ಗ್ರೂವ್ ಆಳ 3 ಮಿ.ಮೀ.ಗೆ ಇಳಿದಾಗಲೇ ಬದಲಿಸಿ. ನೀರಿನ ಮೇಲೆ ಕಾರು ಜಾರಿದರೆ ಬ್ರೇಕ್ ಕೇಳಲ್ಲ.

ಕೊಳ್ಳುವಾಗ ಟೈರ್ ಪಕ್ಕದ ನಾಲ್ಕಂಕಿ ಓದಿ: 3524 ಅಂದರೆ 2024ರ 35ನೇ ವಾರ ತಯಾರಾದದ್ದು. 'ವೈ' ಸ್ಪೀಡ್ ರೇಟಿಂಗ್ (ಟೈರ್ ತಾಳುವ ಗರಿಷ್ಠ ವೇಗದ ಗುರುತು) ಬೇಕಾದ ಕಾರಿಗೆ ಅಗ್ಗವೆಂದು ಕಡಿಮೆ ವೇಗದ 'ಎಚ್' ಹಾಕಿಸಬೇಡಿ. ಎರಡೇ ಬದಲಿಸಿದರೆ ಹೊಸವು ಹಿಂದಕ್ಕೆ ಬರಲಿ.