ಡಿಜಿಟಲ್ ಟೀವಿ ರೆಕಾರ್ಡ್ ಮಾಡಲು ಭಾರಿ ಕಂಪ್ಯೂಟರ್ ಬೇಕಿಲ್ಲ: ಒಂದು ಸ್ಪಷ್ಟನೆ

ಮಿಥ್‌ಟೀವಿಯಂಥ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದ) ತಂತ್ರಾಂಶ ಹಾಕಿ ಮನೆಯಲ್ಲೇ ಟೀವಿ ರೆಕಾರ್ಡರ್ ಮಾಡಿಕೊಳ್ಳಲು ದುಬಾರಿ ಪ್ರೊಸೆಸರ್ ಬೇಕೇ ಬೇಕು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಎಷ್ಟೋ ಜನ ಶುರು ಮಾಡುವ ಮೊದಲೇ ಕೈಬಿಡುತ್ತಾರೆ, ಅದೇ ಬೇಸರ.

ಈ ಮಾತು ಹುಟ್ಟಿದ್ದು ಡಿಜಿಟಲ್‌ಗಿಂತ ಮುಂಚಿನ ಅನಲಾಗ್ ಪ್ರಸಾರದ ಕಾಲದಲ್ಲಿ. ಮಿಥ್‌ಟೀವಿ 2002ರಲ್ಲಿ ಶುರುವಾದಾಗ ಸಾಧಾರಣ ಟೀವಿ ಕಾರ್ಡ್ (ಕಂಪ್ಯೂಟರಿಗೆ ಟೀವಿ ಸಿಗ್ನಲ್ ತರುವ ಬಿಡಿಭಾಗ) ಇದ್ದವರ ಕಂಪ್ಯೂಟರ್ ಬಂದ ಚಿತ್ರವನ್ನು ಆಗಿಂದಾಗಲೇ ಕುಗ್ಗಿಸಿ ಉಳಿಸಬೇಕಿತ್ತು. ಅದು ನಿಜಕ್ಕೂ ಹೊರೆ. ಡಿಜಿಟಲ್ ಪ್ರಸಾರದಲ್ಲಿ ಹಾಗಲ್ಲ. ಚಿತ್ರವನ್ನು ಎಂಪೆಗ್-2, ಎಚ್.264ನಂಥ ವಿಡಿಯೋ ರೂಪಗಳಲ್ಲಿ ಕುಗ್ಗಿಸಿಯೇ ಕಳಿಸಿರುತ್ತಾರೆ. ಟ್ಯೂನರ್ (ಚಾನೆಲ್‌ನ ಸಿಗ್ನಲ್ ಹಿಡಿಯುವ ಸಾಧನ) ಹಿಡಿದದ್ದನ್ನು ಹಾಗೇ ಡಿಸ್ಕ್‌ಗೆ ಬರೆದರಾಯಿತು. ಸೆಕೆಂಡಿಗೆ 4 ಮೆಗಾಬಿಟ್ ವೇಗದ ಚಾನೆಲ್ ಎಂದುಕೊಳ್ಳಿ. ಸೆಕೆಂಡಿಗೆ ಅರ್ಧ ಮೆಗಾಬೈಟ್, ಗಂಟೆಗೆ ಸುಮಾರು 1.8 ಜಿಬಿ. ಹಳೇ ಹಾರ್ಡ್ ಡಿಸ್ಕ್‌ಗೂ ಇದು ಜಾಸ್ತಿ ಅಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ ಬರುವ ಹಲವು ಚಾನೆಲ್‌ಗಳನ್ನು ಒಂದೇ ಟ್ಯೂನರ್‌ನಿಂದ ಒಟ್ಟಿಗೆ ರೆಕಾರ್ಡ್ ಮಾಡಬಹುದು. ಇದು ಗೊತ್ತಿಲ್ಲದೆ ಸುಮ್ನೆ ಎರಡನೇ ಟ್ಯೂನರ್ ಕೊಳ್ಳಬೇಡಿ.

ಹಾಗಾದರೆ ಶಕ್ತಿ ಬೇಕಾಗುವುದು ಎಲ್ಲಿ? ಎಚ್‌ಡಿ ವಿಡಿಯೋ ನೋಡುವಾಗ ಸ್ವಲ್ಪ ಬೇಕು. ಆ ಕೆಲಸವನ್ನೂ ಈಗಿನ ಗ್ರಾಫಿಕ್ಸ್ ಚಿಪ್‌ಗಳೇ ಮಾಡುತ್ತವೆ. ರೆಕಾರ್ಡ್ ಆದದ್ದರಲ್ಲಿ ಜಾಹೀರಾತು ಎಲ್ಲಿದೆಯೆಂದು ಗುರುತಿಸಲು, ಫೈಲನ್ನು ಇನ್ನೊಂದು ರೂಪಕ್ಕೆ ಬದಲಾಯಿಸಲು ಪ್ರೊಸೆಸರ್ ದುಡಿಯಬೇಕು, ನಿಜ. ಆದರೆ ಇವನ್ನು ರಾತ್ರಿ ನಿಧಾನವಾಗಿ ನಡೆಯಲು ಬಿಡಬಹುದಲ್ವಾ?

ಇನ್ನೊಂದು ಮಾತು: ಇಂಥ ತಂತ್ರಾಂಶ ಹಾಕಿಕೊಂಡರೆ ಪೇ ಚಾನೆಲ್‌ಗಳು ಉಚಿತವಾಗಿ ಬರುವುದಿಲ್ಲ. ಅವುಗಳ ಸಿಗ್ನಲ್‌ಗೆ ಬೀಗ ಹಾಕಿರುತ್ತಾರೆ. ಚಂದಾ ಕಟ್ಟಲೇಬೇಕು.