ಹಳೇ ಬಾಕಿಗೆ ಹೊಸ ಕಾನೂನಿನ ಹೆಸರು

2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವತ್ತಿನಿಂದ ನನ್ನ ಫೋನಿಗೆ ಬಿಡುವೇ ಇಲ್ಲ. ಪುಣೆ ಸುತ್ತಲಿನ ಭೋಸರಿ, ಚಾಕಣ, ಪಿಂಪ್ರಿ ಕಡೆಯ ಸಣ್ಣ ಕಂಪನಿಗಳು, ಹೋಟೆಲುಗಳ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಲೇಬರ್ ಕಾನೂನಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಗಿರಾಕಿಗಳಲ್ಲಿ ನಮ್ಮ ಕಡೆಯವರೇ ಜಾಸ್ತಿ. ವಿಜಯಪುರದವರ ಫ್ಯಾಬ್ರಿಕೇಶನ್ ಶಾಪ್, ಬೆಳಗಾವಿಯವರ ಟೂಲ್ ರೂಮ್, ಕುಂದಾಪುರದವರ ಹೋಟೆಲ್. ಎಲ್ಲರದ್ದೂ ಒಂದೇ ರಾಗ: ಹೊಸ ಕಾನೂನು ಬಂದು ನಮ್ಮನ್ನು ಮುಳುಗಿಸಿತು.

ನಾನು ಒಪ್ಪುವುದಿಲ್ಲ. ಈಗ ಚುಚ್ಚುತ್ತಿರುವುದರಲ್ಲಿ ಮುಕ್ಕಾಲು ಪಾಲು ಹಳೇ ಬಾಕಿ. ಕೊಡಬೇಕಾದಾಗ ಕೊಡದೆ ಉಳಿಸಿಕೊಂಡದ್ದು. ಬಿಲ್ಲು ಈಗ ಬಂದಿದೆ ಅಷ್ಟೇ.

29 ಕಾನೂನುಗಳನ್ನು ಸೇರಿಸಿ ನಾಲ್ಕು ಮಾಡಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತಾಗಿದೆ, ವಾಟ್ಸಾಪಿನಲ್ಲಿ ಸಾಕಷ್ಟು ಓಡಾಡಿದೆ. ಅದನ್ನು ಬಿಡಿ. ಮಾಲೀಕರ ನಿದ್ದೆಗೆಡಿಸಿರುವುದು ಒಂದೇ ಸಾಲು: ‘ವೇತನ’ ಅಂದರೆ ಯಾವುದು ಅನ್ನುವ ವಿವರಣೆ. ಬೇಸಿಕ್ (ಮೂಲ ವೇತನ), ಡಿಎ (ತುಟ್ಟಿಭತ್ಯೆ) ಬಿಟ್ಟು ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಇಂಥವನ್ನು ಹೊರಗಿಡಬಹುದು. ಆದರೆ ಹೊರಗಿಟ್ಟದ್ದು ಒಟ್ಟು ಸಂಬಳದ ಶೇ. 50 ದಾಟಿದರೆ, ದಾಟಿದಷ್ಟನ್ನು ವಾಪಸ್ ವೇತನಕ್ಕೆ ಸೇರಿಸಬೇಕು. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಹಣ), ರಜೆ ಹಣ, ಎಲ್ಲ ಲೆಕ್ಕವೂ ಅದರ ಮೇಲೇ.

ಒಂದು ಪೇ ಸ್ಲಿಪ್ ನೋಡೋಣ. ತಿಂಗಳಿಗೆ 60,000. ಬೇಸಿಕ್ 18,000. ಉಳಿದ 42,000 ಬಾಡಿಗೆ, ಪ್ರಯಾಣ, ಇನ್ನೂ ಏನೇನೋ. ಹತ್ತು ವರ್ಷ ಕೆಲಸ ಮಾಡಿದವನಿಗೆ ಹಳೇ ಲೆಕ್ಕದಲ್ಲಿ ಗ್ರಾಚ್ಯುಟಿ ಸುಮಾರು 1,03,846 ರೂಪಾಯಿ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕ. ಈಗ ವೇತನ 30,000 ಆಗುತ್ತದೆ, ಗ್ರಾಚ್ಯುಟಿ 1,73,077ಕ್ಕೆ ಏರುತ್ತದೆ. ಒಬ್ಬನ ಮೇಲೆ 69,000 ಚಿಲ್ಲರೆ ಜಾಸ್ತಿ. ನೂರು ಜನರಿದ್ದರೆ ಲೆಕ್ಕ ನೀವೇ ಹಾಕಿ. ಟಿಸಿಎಸ್, ಇನ್ಫೋಸಿಸ್‌ನಂಥವರೇ 2025ರ ಡಿಸೆಂಬರ್ ತ್ರೈಮಾಸಿಕದ ಲೆಕ್ಕದಲ್ಲಿ ಇದಕ್ಕೆಂದು ಒಬ್ಬೊಬ್ಬರು ಸಾವಿರ ಕೋಟಿಗೂ ಮೀರಿದ ಮೊತ್ತ ತೆಗೆದಿಡಬೇಕಾಯಿತು.

ಆದರೆ ಈ 18,000 ಬೇಸಿಕ್ ಎಲ್ಲಿಂದ ಬಂತು? ಯಾವ ಕಾನೂನೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಬೇಸಿಕ್ ಕಮ್ಮಿ ಇಟ್ಟರೆ ಪಿಎಫ್ ಉಳಿಯುತ್ತದೆ, ಗ್ರಾಚ್ಯುಟಿ ಉಳಿಯುತ್ತದೆ ಅಂತ ನಮ್ಮ ವೃತ್ತಿಯವರೇ ಎಕ್ಸೆಲ್ ಶೀಟಿನಲ್ಲಿ ಕೂತು ಕೆತ್ತಿದ್ದು. 2019ರ ಫೆಬ್ರವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು, ಎಲ್ಲರಿಗೂ ಒಂದೇ ಥರ ತಪ್ಪದೆ ಕೊಡುವ ಭತ್ಯೆಯನ್ನು ಪಿಎಫ್ ಲೆಕ್ಕಕ್ಕೆ ಸೇರಿಸಿ ಅಂತ. ಎಷ್ಟು ಕಂಪನಿಯವರು ಅವತ್ತು ಪೇ ಸ್ಲಿಪ್ ತಿದ್ದಿದರು? ಇನ್ನೊಂದು ತಮಾಷೆ ಏನಂದರೆ, ಎಲ್ಲರ ಚೀಟಿಯಲ್ಲೂ ದಪ್ಪಗೆ ಕೂತಿರುವ ‘ಸ್ಪೆಷಲ್ ಅಲೋವನ್ಸ್’ ಇದೆಯಲ್ಲ, ಹೊರಗಿಡುವ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ನನ್ನ ಪ್ರಕಾರ ಅದು ಮೊದಲೇ ವೇತನ.

ಕೆಲಸಗಾರರಿಗೆ ಒಂದು ಮಾತು. ‘ಕೈಗೆ ಬರುವ ಸಂಬಳ ಕಡಿಮೆ ಆಗುತ್ತೆ’ ಅಂತ ಎಚ್‌ಆರ್ ಹೆದರಿಸಿದರೆ ಗಾಬರಿ ಬೇಡ. ಪಿಎಫ್ ಕಡ್ಡಾಯವಾದದ್ದು ತಿಂಗಳಿಗೆ 15,000 ವೇತನದ ಮಿತಿಯವರೆಗೆ ಮಾತ್ರ; ಸಂಹಿತೆ ಬಂದಾಗ ಅದು ಬದಲಾಗಲಿಲ್ಲ. ಆ 15,000ದ ಲೆಕ್ಕದಲ್ಲೇ ಪಿಎಫ್ ಹಿಡಿಯುತ್ತಿದ್ದರೆ ಕೈಗೆ ಬರುವುದು ಕಡಿಮೆ ಆಗಬೇಕಿಲ್ಲ ಅಂತ ಕಾರ್ಮಿಕ ಇಲಾಖೆಯೇ ಸ್ಪಷ್ಟ ಮಾಡಿದೆ.

ಈಗ ಚಾಕಣಕ್ಕೆ ಬನ್ನಿ. ಇಲ್ಲಿ ‘ಬ್ರೇಕ್’ ಅಂದರೆ ಎಲ್ಲರಿಗೂ ಗೊತ್ತು: ಕೆಲವು ತಿಂಗಳಿಗೊಮ್ಮೆ ಕೆಲಸದಿಂದ ತೆಗೆಯುವುದು. ಇಂಡಿ, ಸಿಂದಗಿ, ಆಳಂದ, ಬಸವಕಲ್ಯಾಣದ ಕಡೆಯಿಂದ ಐಟಿಐ ಮುಗಿಸಿ ಬಂದ ಹುಡುಗರು ಒಂದೊಂದು ರೂಮಿನಲ್ಲಿ ಆರೇಳು ಜನ ಇರುತ್ತಾರೆ. ಫಸ್ಟ್ ಶಿಫ್ಟಿನವನು ಎದ್ದ ಹಾಸಿಗೆಯಲ್ಲೇ ಥರ್ಡ್ ಶಿಫ್ಟಿನವನು ಬಂದು ಮಲಗುತ್ತಾನೆ. ಏಳು ತಿಂಗಳು ಒಂದು ಕಂಪನಿ, ಆಮೇಲೆ ಬ್ರೇಕ್, ಮತ್ತೆ ಏಳು ತಿಂಗಳು ಇನ್ನೊಂದು ಕಂಪನಿ. ಯಾಕೆ ಏಳೇ ತಿಂಗಳು? 240 ದಿನ ತುಂಬಿದರೆ ಒಂದು ವರ್ಷದ ಸತತ ಸೇವೆ ಅಂತ ಲೆಕ್ಕ. ಆಗ ಸುಮ್ನೆ ಗೇಟಿನಿಂದ ಆಚೆ ಕಳಿಸಲು ಆಗುವುದಿಲ್ಲ. ನೋಟಿಸು ಬೇಕು, ಪರಿಹಾರ ಬೇಕು.

ಈ ಆಟಕ್ಕೂ ಕಾನೂನು ಹೊಸದಲ್ಲ. ಟೆಂಪರರಿ, ಬದಲಿ ಅಂತ ವರ್ಷಗಟ್ಟಲೆ ಇಟ್ಟುಕೊಂಡು ಕಾಯಂ ಸೌಲಭ್ಯ ತಪ್ಪಿಸುವುದು ಅನ್ಯಾಯದ ನಡವಳಿಕೆ ಅಂತ ಮಹಾರಾಷ್ಟ್ರದ 1971ರ ಕಾಯ್ದೆಯಲ್ಲೇ ಬರೆದಿದೆ. ಐವತ್ತು ವರ್ಷದ ಮೇಲಾಯಿತು. ಸಂಹಿತೆ ಹೊಸದಾಗಿ ಸೇರಿಸಿದ್ದು ನಿಗದಿತ ಅವಧಿಯ ನೌಕರಿಯ ವಿಷಯ. ವರ್ಷಕ್ಕೆ, ಎರಡು ವರ್ಷಕ್ಕೆ ಅಂತ ಬರೆದುಕೊಟ್ಟು ತೆಗೆದುಕೊಂಡವನಿಗೂ ಕಾಯಂ ನೌಕರನಷ್ಟೇ ಸಂಬಳ, ಸೌಲಭ್ಯ ಕೊಡಬೇಕು. ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು.

ಒಳ್ಳೆಯದೇ. ಆದರೆ ತೂತು ಎಲ್ಲಿದೆ ನೋಡಿ. ಏಳು ತಿಂಗಳಿಗೇ ಕಳಿಸಿಬಿಟ್ಟರೆ ಆ ಒಂದು ವರ್ಷವೂ ತುಂಬುವುದಿಲ್ಲ. ಆ ಹುಡುಗರಿಗೆ ಹೊಸ ಕಾನೂನಿನಿಂದ ಗ್ರಾಚ್ಯುಟಿಯ ಒಂದು ಪೈಸೆಯೂ ಸಿಗುವುದಿಲ್ಲ. ಮಾಲೀಕರು ಅಳುವ ಈ ಕಾನೂನಿನ ಬಗ್ಗೆ ನನ್ನ ದೂರು ಇದು: ಮುಟ್ಟಬೇಕಾದವರನ್ನೇ ಸರಿಯಾಗಿ ಮುಟ್ಟಿಲ್ಲ. ಇನ್ನು ಜನರನ್ನು ತೆಗೆಯಲು, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿದ್ದ ಮಿತಿಯನ್ನು 100 ಕೆಲಸಗಾರರಿಂದ 300ಕ್ಕೆ ಏರಿಸಿದ್ದಾರೆ. ಅದು ಮಾಲೀಕರಿಗೆ ಸಿಕ್ಕ ದೊಡ್ಡ ಲಾಭ. ಅದರ ಬಗ್ಗೆ ನನಗೆ ಒಬ್ಬರೂ ಫೋನ್ ಮಾಡಿಲ್ಲ!

ಹೋಟೆಲಿನವರ ಕಥೆ ಬೇರೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಪುಣೆ, ಮುಂಬೈಯ ನಮ್ಮ ಉಡುಪಿ ಹೋಟೆಲುಗಳಲ್ಲಿ ಅಡುಗೆ ಭಟ್ರು, ಸಪ್ಲಾಯರ್, ಕ್ಲೀನರ್ ಎಲ್ಲರೂ ಊರಿನ ಗುರುತಿನ ಮೇಲೆ ಬಂದವರು. ಊಟ, ವಸತಿ ಅಲ್ಲೇ. ಎಷ್ಟೋ ಕಡೆ ಸಂಬಳವೂ ಧಣಿಯ ಹತ್ತಿರವೇ ಜಮಾ. ಊರಿಗೆ ಹೋಗುವಾಗ ಒಟ್ಟಿಗೆ ಇಸಿದುಕೊಳ್ಳುವುದು, ನಡುವೆ ಬೇಕಾದಾಗ ಗಲ್ಲಾದಿಂದ ಸಾವಿರ, ಎರಡು ಸಾವಿರ ತೆಗೆದುಕೊಳ್ಳುವುದು. ಲೆಕ್ಕ ಒಂದು ಉದ್ದ ಪುಸ್ತಕದಲ್ಲಿ, ಧಣಿಯ ಕೈಬರಹದಲ್ಲಿ. ಅಪಾಯಿಂಟ್‌ಮೆಂಟ್ ಲೆಟರ್ ಎಲ್ಲರಿಗೂ ಕಡ್ಡಾಯ ಅಂತ ಒಬ್ಬ ಶೆಟ್ಟರಿಗೆ ಹೇಳಿದೆ. ಅವರು ನಕ್ಕರು. “ಎಂತ ಮಾರಾಯ್ರೆ, ಅವ ನನ್ನ ಹತ್ರ ಬರುವಾಗ ಮೀಸೆ ಬಂದಿರ್ಲಿಲ್ಲ. ಈಗ ಅವನ ಮಗಳಿಗೆ ಮದುವೆ ಆಗಿದೆ. ಅವನಿಗೆ ಎಂತ ಲೆಟರ್ ಕೊಡುದು?”

ಅವರು ಹೇಳಿದ್ದು ಸುಳ್ಳಲ್ಲ. ಆ ಮದುವೆಗೆ ಇವರೇ ಲಕ್ಷದ ಲೆಕ್ಕದಲ್ಲಿ ಕೊಟ್ಟಿದ್ದರು. ಮನೆ ಕಟ್ಟುವಾಗ ಕೊಟ್ಟಿದ್ದರು. ಆಸ್ಪತ್ರೆ ಖರ್ಚು ನೋಡಿಕೊಂಡಿದ್ದರು. ಕೆಲವು ದೊಡ್ಡ ಕಂಪನಿಗಳ ಎಚ್‌ಆರ್ ಮಾಡದ ಕೆಲಸವನ್ನು ಇವರು ಮಾಡಿದ್ದಾರೆ. ಆದರೆ ಕಾನೂನಿನ ಕಣ್ಣಿಗೆ ಅದು ಯಾವುದೂ ಗ್ರಾಚ್ಯುಟಿ ಅಲ್ಲ. ಹತ್ತು ಜನ ಕೆಲಸಕ್ಕಿದ್ದರೆ ಗ್ರಾಚ್ಯುಟಿ ಅನ್ವಯ. ಆಮೇಲೆ ಜನ ಕಡಿಮೆಯಾದರೂ ತಪ್ಪುವುದಿಲ್ಲ. ಆ ಭಟ್ರಿಗೆ ತಿಂಗಳಿಗೆ 26,000 ಸಂಬಳ, 25 ವರ್ಷದ ಸೇವೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 15,000ದಂತೆ 3,75,000 ರೂಪಾಯಿ. ಬಿಟ್ಟು ಹೋದ 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. “ಮದುವೆಗೆ ಕೊಟ್ಟೆನಲ್ಲ” ಅಂದರೆ ಅಧಿಕಾರಿ ಕೇಳುವುದಿಲ್ಲ. ಕೊಟ್ಟದ್ದಕ್ಕೆ ಚೀಟಿಯೂ ಇಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಧಣಿ ಒಳ್ಳೆಯವರಾಗಿದ್ದಾಗ ಸರಿ. ಧಣಿ ತೀರಿಕೊಂಡು ಹೋಟೆಲು ಮಗನ ಕೈಗೆ ಬಂದಾಗ? ಅಥವಾ ಜಾಗ ಮಾರಿ ಬಿಲ್ಡರಿಗೆ ಕೊಟ್ಟಾಗ? ಮಗನಿಗೆ ಈ ಭಟ್ರ ಮುಖ ಗೊತ್ತು, ಬಾಕಿ ಗೊತ್ತಿಲ್ಲ. ಒಂದು ಕವರಿನಲ್ಲಿ ಐವತ್ತು ಸಾವಿರ ಹಾಕಿ, ಶಾಲು ಹೊದಿಸಿ ಕಳಿಸಿದ ಉದಾಹರಣೆಗಳು ನನಗೆ ಗೊತ್ತು. ಭಟ್ರು ಕೈಮುಗಿದು ಬಸ್ ಹತ್ತಿದರು. ಮೂರು ಲಕ್ಷ ತಮ್ಮ ಹಕ್ಕು ಅನ್ನುವುದು ಅವರಿಗೂ ಗೊತ್ತಿರಲಿಲ್ಲ. ಗ್ರಾಚ್ಯುಟಿ ಕಾಯ್ದೆ ಬಂದದ್ದು 1972ರಲ್ಲಿ. ಇದರಲ್ಲಿ ಹೊಸದೇನಿದೆ ಹೇಳಿ?

ಹಾಗಾಗಿ ಹೋಟೆಲಿನವರಿಗೆ ನಾನು ಹೇಳುವುದು ಇಷ್ಟೇ. ಪ್ರೀತಿಯಿಂದ ಕೊಡುವುದನ್ನು ಕೊಡಿ, ಬೇಡ ಅನ್ನುವವರು ಯಾರು? ಸಂಬಳ ಮಾತ್ರ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಬ್ಯಾಂಕಿಗೆ ಹಾಕಿ. ಅಡ್ವಾನ್ಸ್ ಕೊಟ್ಟರೆ ಸಹಿ ತೆಗೆದುಕೊಳ್ಳಿ. ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ ಅನ್ನುವುದು ನೆನಪಿರಲಿ. ಗ್ರಾಚ್ಯುಟಿಗೆ ಎಲ್‌ಐಸಿಯ ಗುಂಪು ಯೋಜನೆಯಲ್ಲಿ ವರ್ಷವರ್ಷ ಸ್ವಲ್ಪ ಕಟ್ಟುತ್ತ ಹೋದರೆ ಒಂದೇ ಸಲ ಹೊಡೆತ ಬೀಳುವುದಿಲ್ಲ. ಲೆಟರ್ ಕನ್ನಡದಲ್ಲೂ ಒಂದು ಪ್ರತಿ ಇರಲಿ. ಓದಲು ಬರುವ ಭಾಷೆಯಲ್ಲಿ ಕೊಟ್ಟರೆ ಆಮೇಲೆ “ನನಗೆ ಗೊತ್ತಿರಲಿಲ್ಲ” ಅನ್ನುವ ತಕರಾರು ಇಲ್ಲ.

ಮಾಲೀಕರ ಅಳಲು ನಿಜ ಅನಿಸುವ ಕಡೆಯೂ ಇದೆ. ಕೆಲಸ ಬಿಟ್ಟವನ ಸಂಬಳದ ಲೆಕ್ಕ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ಮಾಲೀಕರೇ ತೆಗೆದುಹಾಕಿದರೆ ಎರಡು ದಿನ ಅನ್ನುವುದು 1936ರ ಕಾಯ್ದೆಯಲ್ಲೇ ಇತ್ತು. ಈಗ ತಾನಾಗಿ ರಾಜೀನಾಮೆ ಕೊಟ್ಟವನಿಗೂ ಅದೇ. ಭೋಸರಿಯ ನಮ್ಮ ಗೌಡರು ಕೇಳಿದರು, “ಸರ, ಎರಡ ದಿನದಾಗ ಹೆಂಗ ಮುಗಸೂದ್ರಿ? ಅಂವಾ ಗೇಜ್ ವಾಪಸ್ ಕೊಟ್ಟಿಲ್ಲ, ಇನ್ಸೆಂಟಿವ್ ಲೆಕ್ಕ ತಿಂಗಳ ಕೊನಿಗೆ ಬರ್ತದ, ಸೊಸೈಟಿ ಸಾಲ ಐತಿ.” ಮಾತು ಸರಿ. ಹದಿನೈದು ಜನರ ಶಾಪಿನಲ್ಲಿ ಅಕೌಂಟೆಂಟ್ ವಾರಕ್ಕೆರಡು ದಿನ ಬರುತ್ತಾನೆ. ಆದರೂ ನೋಟಿಸ್ ಅವಧಿ ಅಂತ ಒಂದು ಇದೆಯಲ್ಲ. ಕೊನೆಯ ದಿನಕ್ಕೆ ಮುಂಚೆ ನೋ ಡ್ಯೂಸ್ (ಯಾವ ಬಾಕಿಯೂ ಇಲ್ಲ ಅನ್ನುವ ಕಾಗದ) ಮುಗಿಸಿ ಅಂದೆ. ಹೇಳದೆ ಕೇಳದೆ ಊರಿಗೆ ಹೋಗಿಬಿಡುವವನ ವಿಷಯದಲ್ಲಿ ಮಾತ್ರ ನನ್ನ ಹತ್ತಿರವೂ ಗಟ್ಟಿ ಉತ್ತರ ಇಲ್ಲ. ಸಂಹಿತೆ ಜಾರಿಯಾದ ದಿನ ನಿಯಮಗಳೇ ಪೂರ್ತಿ ಆಗಿರಲಿಲ್ಲ. ಅಡಿಪಾಯದ ನಕ್ಷೆ ಇಲ್ಲದೆ ಗೃಹಪ್ರವೇಶ ಮಾಡಿದ ಹಾಗೆ. ಅದಕ್ಕೆ ಸರ್ಕಾರವನ್ನು ಬೈಯಿರಿ, ನಾನೂ ಸೇರುತ್ತೇನೆ. ಆದರೆ ಮೂರು ತಿಂಗಳು ಲೆಕ್ಕ ಎಳೆಯುವ ದೊಡ್ಡ ಆಫೀಸುಗಳಿಗೆ ಈ ನೆಪ ಇಲ್ಲ. ಐಟಿ ಕಂಪನಿಗಳಿರುವ ಹಿಂಜವಡಿಯ ಗಾಜಿನ ಕಟ್ಟಡದಲ್ಲಿ ಸಾಫ್ಟ್‌ವೇರೇ ಲೆಕ್ಕ ಮಾಡುತ್ತದೆ.

ಅಲ್ಲಿನ ಎಚ್‌ಆರ್‌ಗಳ ತಲೆನೋವು ಬೇರೆ. ಬೆಂಗಳೂರು ಆಫೀಸಿನ ಹುಡುಗಿಯರಿಗೆ ಕರ್ನಾಟಕ ಸರ್ಕಾರದ ಆದೇಶದಂತೆ ವರ್ಷಕ್ಕೆ 12 ದಿನ ಮುಟ್ಟಿನ ರಜೆ, ಪುಣೆ ಆಫೀಸಿಗೆ ಆ ಆದೇಶ ಅನ್ವಯಿಸುವುದಿಲ್ಲ. ಒಂದೇ ಟೀಮು, ಒಂದೇ ಕೆಲಸ. ನನ್ನನ್ನು ಕೇಳಿದರೆ ಎರಡೂ ಕಡೆ ಕೊಟ್ಟುಬಿಡಿ, ವಾದ ಮಾಡುವ ಸಮಯ ಉಳಿಯುತ್ತದೆ.

ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ ಪೋಷ್ ಕಾಯ್ದೆಯ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. “ನಮ್ಮಲ್ಲಿ ಹೆಂಗಸರೇ ಇಲ್ಲ, ನಮಗ್ಯಾಕೆ ಕಮಿಟಿ?” ಅನ್ನುವವರು ಜಾಸ್ತಿ. ಪಾತ್ರೆ ತೊಳೆಯುವಾಕೆ, ಕಸ ಗುಡಿಸುವಾಕೆ ಇವರ ಲೆಕ್ಕದಲ್ಲೇ ಇಲ್ಲ! 2013ರ ಕಾಯ್ದೆ ಒಟ್ಟು ಹತ್ತು ಕೆಲಸಗಾರರು ಅನ್ನುತ್ತದೆ, ಹತ್ತು ಹೆಂಗಸರು ಅನ್ನುವುದಿಲ್ಲ. ದೂರು ವಿಚಾರಿಸುವ ಕಮಿಟಿ ಇಲ್ಲದಿದ್ದರೆ 50,000ದವರೆಗೆ ದಂಡ. ದೊಡ್ಡ ಸಂಸ್ಥೆಗಳು ಎಡವುವುದು ಇನ್ನೊಂದು ಕಡೆ. ಗೋವಾ ವಿಶ್ವವಿದ್ಯಾಲಯದ ಪ್ರಕರಣ ನೆನಪಿರಬಹುದು. ದೂರು ಬಂದದ್ದು 2009ರಲ್ಲಿ. ಸಮಿತಿ ಗಡಿಬಿಡಿಯಲ್ಲಿ ವಿಚಾರಣೆ ಮುಗಿಸಿತು, ಆರೋಪ ಹೊತ್ತವರಿಗೆ ಉತ್ತರಿಸಲು ಸರಿಯಾದ ಅವಕಾಶ ಸಿಗಲಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ವಜಾ ಆದೇಶವನ್ನೇ ರದ್ದು ಮಾಡಿ, ವಿಚಾರಣೆ ಮತ್ತೆ ನಡೆಸಿ ಅಂದಿತು. ಹದಿನಾಲ್ಕು ವರ್ಷ ಆಗಿತ್ತು. ದೂರು ಕೊಟ್ಟ ಹೆಣ್ಣುಮಕ್ಕಳ ಪಾಡು ಯೋಚಿಸಿ. ಬೇಗ ಮುಗಿಸಿ ಕೈತೊಳೆದುಕೊಳ್ಳುವ ಎಚ್‌ಆರ್‌ನಿಂದ ಎರಡೂ ಕಡೆಗೆ ಅನ್ಯಾಯ.

ಕೊನೆಗೆ ಬಾಂಡ್, ಅಂದರೆ ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ಇಷ್ಟು ಹಣ ಕಟ್ಟುತ್ತೇನೆ ಅಂತ ಬರೆದುಕೊಡುವ ಕರಾರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಾಂಡ್ ಸರಿ ಅಂದಿತು ಅಂತ ಮಾಲೀಕರ ಗುಂಪುಗಳಲ್ಲಿ ಹಬ್ಬ. ಅದು ನಮ್ಮ ಮಂಗಳೂರಲ್ಲಿ ಹುಟ್ಟಿ ಈಗ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದ ವಿಜಯಾ ಬ್ಯಾಂಕಿನ ಕೇಸು. ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ಅನ್ನುವ ಷರತ್ತು ನ್ಯಾಯವೇ ಅಂತ ತೀರ್ಪು. ಆದರೆ ಪೂರ್ತಿ ಓದಿದವರು ಕಡಿಮೆ. ಬಿಟ್ಟವರು ಒಳ್ಳೆಯ ಸಂಬಳದ ಹಿರಿಯ ಅಧಿಕಾರಿ. ಸರ್ಕಾರಿ ಬ್ಯಾಂಕು ಒಬ್ಬರನ್ನು ತೆಗೆದುಕೊಳ್ಳಬೇಕಾದರೆ ದೇಶವ್ಯಾಪಿ ಜಾಹೀರಾತು, ಪರೀಕ್ಷೆ ಎಲ್ಲ ನಡೆಸಬೇಕು. ಆ ಖರ್ಚು, ಆ ಹುದ್ದೆ, ಆ ಮೊತ್ತ ನೋಡಿ ಕೋರ್ಟ್ ಒಪ್ಪಿತು. ಎರಡು ದಿನ ಪಿಪಿಟಿ ತೋರಿಸಿ ‘ಟ್ರೇನಿಂಗ್’ ಅಂದು, 18,000 ಸಂಬಳದ ಹುಡುಗನಿಂದ ಎರಡು ಲಕ್ಷದ ಬಾಂಡ್ ಬರೆಸಿಕೊಳ್ಳುವುದಕ್ಕೆ ಈ ತೀರ್ಪು ಲೈಸೆನ್ಸ್ ಅಲ್ಲ.

ಊರಿನಿಂದ ಪುಣೆಗೆ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರೇ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ. ಈಗಾಗಲೇ ಕೊಟ್ಟಿದ್ದರೆ ಬಾಯಲ್ಲಿ ಕೇಳುತ್ತ ಕೂರಬೇಡಿ, ಮೇಲ್ ಮಾಡಿ ಕೇಳಿ. ಬಾಂಡಿನ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ಸಹಿ ಹಾಕುವ ಮುಂಚೆ ಅರ್ಥವಾಗದಿದ್ದರೆ ನನಗೆ ಇನ್‌ಬಾಕ್ಸ್‌ನಲ್ಲಿ ಕಳಿಸಿ, ಓದಿ ಹೇಳುತ್ತೇನೆ. ಅದಕ್ಕೆ ಫೀಸ್ ಇಲ್ಲ. ಮಾಲೀಕರಿಗೆ ಇದೆ.