ಊತಕ್ಕೆ ಟೇಪ್ ಹಾಕುತ್ತೀರಾ? ಹಾಗಾದರೆ ಎಳೆಯಬೇಡಿ

ಶಟಲ್ ಕೋರ್ಟಿಗೆ ಹೋಗಿ, ಕಬಡ್ಡಿ ಪಂದ್ಯಕ್ಕೆ ಹೋಗಿ, ಭಾನುವಾರ ಬೆಳಗಿನ ಓಟಕ್ಕೆ ಹೋಗಿ, ನೀಲಿಯೋ ಗುಲಾಬಿಯೋ ಪಟ್ಟಿ ಅಂಟಿಸಿಕೊಂಡ ಕಾಲುಗಳು ಕಣ್ಣಿಗೆ ಬೀಳದೇ ಇರುವುದಿಲ್ಲ. ಕಾಲು ಉಳುಕಿ ಊದಿಕೊಂಡರೆ ಮೆಡಿಕಲ್ ಶಾಪಿನಿಂದ ಒಂದು ರೋಲ್ ತಂದು, ಯೂಟ್ಯೂಬ್ ನೋಡಿಕೊಂಡು, ಬಿಗಿಯಾಗಿ ಎಳೆದು ಸುತ್ತಿಬಿಡುವುದು ಈಗ ಮಾಮೂಲು. ನನ್ನ ತಕರಾರು ಟೇಪಿನ ಮೇಲಲ್ಲ, ಆ ಎಳೆತದ ಮೇಲೆ. ಊತಕ್ಕೆ ಹಾಕುವ ಈ ಎಲಾಸ್ಟಿಕ್ ಟೇಪ್ (ಕಿನೀಸಿಯಾಲಜಿ ಟೇಪ್) ಬಿಗಿದು ಕಟ್ಟುವ ವಸ್ತುವೇ ಅಲ್ಲ, ಅದನ್ನು ಚರ್ಮದ ಮೇಲೆ ಸುಮ್ಮನೆ ಮಲಗಿಸಬೇಕು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಎಷ್ಟೇ ಸರಿಯಾಗಿ ಹಾಕಿದರೂ ಅದರಿಂದ ಸಿಗುವುದು ಸಣ್ಣ ಸಹಾಯ. ಕಾಲನ್ನು ಎತ್ತರದಲ್ಲಿ ಇಡುವುದು, ಹದವಾದ ಒತ್ತಡ ಕೊಡುವುದು, ಬೇಗ ಅಲ್ಲಾಡಿಸಲು ಶುರುಮಾಡುವುದು, ಊತ ಇಳಿಯುವುದು ಮುಖ್ಯವಾಗಿ ಇವುಗಳಿಂದ.

ಟೇಪ್ ಹೇಗಿದೆ ಅಂತ ಗೊತ್ತಿದ್ದರೆ ಮುಂದಿನದು ಸುಲಭ. 1970ರ ದಶಕದಲ್ಲಿ ಇದನ್ನು ರೂಪಿಸಿದವರು ಜಪಾನಿನ ಕೈರೋಪ್ರಾಕ್ಟರ್ ಕೆಂಜೊ ಕಾಸೆ. ಜಗತ್ತಿಗೆಲ್ಲ ಪರಿಚಯವಾದದ್ದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜದ ಮೇಲೆ ಕಪ್ಪು ಪಟ್ಟಿ ಟಿವಿಯಲ್ಲಿ ಕಂಡಾಗ. ಬಟ್ಟೆ ಹತ್ತಿಯದು. ಹಿಂಬದಿಯಲ್ಲಿ ಅಕ್ರಿಲಿಕ್ ಅಂಟನ್ನು ಅಲೆಅಲೆಯಾಗಿ ಬಳಿದಿರುತ್ತಾರೆ, ನಡುವಿನ ಜಾಗದಲ್ಲಿ ಬೆವರು ಆರಲಿ ಅಂತ. ಟೇಪ್ ಉದ್ದಕ್ಕೆ ಮಾತ್ರ ಹಿಗ್ಗುತ್ತದೆ, ಮೂಲ ಅಳತೆಗಿಂತ ಶೇ 40ರಿಂದ 60ರಷ್ಟು. ಮುಖ್ಯವಾದ ವಿಷಯ ಏನೆಂದರೆ, ಕಾಗದದ ಮೇಲೆ ಅಂಟಿಸುವಾಗಲೇ ಅದನ್ನು ಸುಮಾರು ಶೇ 10ರಷ್ಟು ಹಿಗ್ಗಿಸಿರುತ್ತಾರೆ. ಅಂದರೆ ಕಾಗದ ಬಿಡಿಸಿ ಹಾಗೇ ಅಂಟಿಸಿದರೂ ಸ್ವಲ್ಪ ಎಳೆತ ಅದರಲ್ಲಿ ಇದ್ದೇ ಇದೆ. ಊತಕ್ಕೆ ಬೇಕಾದದ್ದು ಅಷ್ಟೇ. ಬಣ್ಣಕ್ಕೂ ಪರಿಣಾಮಕ್ಕೂ ಸಂಬಂಧವಿಲ್ಲ, ಇಷ್ಟವಾದದ್ದು ತಗೊಳ್ಳಿ.

ಆದರೆ ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಮೂಳೆ ಮುರಿದಿಲ್ಲ ಅಂತ ಖಾತ್ರಿಯಾಗಬೇಕು. ಹರಡು, ಅಂದರೆ ಪಾದದ ಕೀಲು, ತಿರುಚಿದಾಗ ಎಕ್ಸ್‌ರೇ ಬೇಕೋ ಬೇಡವೋ ಅಂತ ನಿರ್ಧರಿಸಲು ಕೆನಡಾದ ವೈದ್ಯರು 1992ರಲ್ಲಿ ರೂಪಿಸಿದ ಒಟ್ಟಾವಾ ನಿಯಮಗಳನ್ನು ಇವತ್ತಿಗೂ ಎಲ್ಲೆಡೆ ಬಳಸುತ್ತಾರೆ. ಹರಡಿನ ಎರಡೂ ಬದಿಯ ಉಬ್ಬುಮೂಳೆ ಇದೆಯಲ್ಲ, ಅದರ ತುದಿಯನ್ನೂ ಹಿಂಬದಿಯ ಅಂಚನ್ನೂ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಬೆರಳಿನಿಂದ ಒತ್ತಿ ನೋಡಿ. ಮೂಳೆಯ ಮೇಲೇ ನೋವಾದರೆ ಎಕ್ಸ್‌ರೇ. ಪಾದದ ಹೊರ ಅಂಚಿನ ಮಧ್ಯದಲ್ಲಿ, ಕಿರುಬೆರಳಿನ ನೇರಕ್ಕೆ ಎದ್ದು ಸಿಗುವ ಗಂಟನ್ನು ಒತ್ತಿದಾಗ ನೋವಾದರೂ ಎಕ್ಸ್‌ರೇ. ಪಾದದ ಒಳಬದಿಯಲ್ಲಿ, ಕಮಾನಿನ ಮೇಲ್ಭಾಗದ ಮೂಳೆಗೂ ಅದೇ ಮಾತು. ಪೆಟ್ಟಾದ ತಕ್ಷಣವೂ, ಆಸ್ಪತ್ರೆಯಲ್ಲೂ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಬೇರೆ ಲೆಕ್ಕ ಬೇಕಿಲ್ಲ. ಚಿಕ್ಕ ಮಕ್ಕಳಲ್ಲಿ, ಕಾಲಿಗೆ ಸ್ಪರ್ಶ ಸರಿಯಾಗಿ ತಿಳಿಯದ ಸಕ್ಕರೆ ಕಾಯಿಲೆಯವರಲ್ಲಿ ಈ ಪರೀಕ್ಷೆಯನ್ನು ನಂಬಿ ಕೂರಬೇಡಿ, ಸೀದಾ ವೈದ್ಯರಲ್ಲಿಗೆ ಹೋಗಿ. ಹಾಗೆಯೇ, ಉಳುಕಿದ ದಿನವೇ ಎಣ್ಣೆ ಹಾಕಿ ನೀವಿಸಿಕೊಳ್ಳುವುದು, ಬಿಸಿ ಶಾಖ ಕೊಡುವುದು, ಮುರಿದಿದೆಯೋ ಇಲ್ಲವೋ ನೋಡದೆ ಪುತ್ತೂರು ಕಟ್ಟು ಕಟ್ಟಿಸಿಕೊಳ್ಳುವುದು, ಮೂರೂ ಬೇಡ. ಹರಿದ ಸಣ್ಣ ರಕ್ತನಾಳಗಳು ಇನ್ನೂ ಒಸರುತ್ತಿರುವಾಗ ನೀವಿದರೆ ಊತ ಏರುತ್ತದೆ.

ಊತ ಅಂದರೆ ಬರೀ ನೀರಲ್ಲ. ಹರಿದ ನಾಳಗಳಿಂದ ರಕ್ತ, ಪ್ರೋಟೀನ್ ತುಂಬಿದ ದ್ರವ ಎರಡೂ ಹೊರಗೆ ಬರುತ್ತವೆ. ಆ ಪ್ರೋಟೀನಿನ ದೊಡ್ಡ ಕಣಗಳು ರಕ್ತನಾಳದೊಳಕ್ಕೆ ನೇರವಾಗಿ ವಾಪಸು ಹೋಗಲಾರವು, ದುಗ್ಧರಸ (ಲಿಂಫ್) ನಾಳಗಳ ಮೂಲಕವೇ ಹೋಗಬೇಕು. ಈ ನಾಳಗಳ ಶುರುವಿನ ತುದಿಗಳು ಚರ್ಮದ ಕೆಳಗೇ ಇರುತ್ತವೆ, ಸುತ್ತಲಿನ ಅಂಗಾಂಶಕ್ಕೆ ಸಣ್ಣ ಎಳೆಗಳಿಂದ ಅಂಟಿಕೊಂಡಿರುತ್ತವೆ. ಚರ್ಮ ಅತ್ತಿತ್ತ ಜರುಗಿದಾಗ ಆ ಎಳೆಗಳು ಜಗ್ಗಿ ನಾಳದ ಬಾಯಿ ತೆರೆಯುತ್ತದೆ. ಟೇಪಿನ ಹಿಂದಿನ ವಾದ ಇಷ್ಟೇ: ಹಗುರವಾಗಿ ಅಂಟಿದ ಪಟ್ಟಿ ಚರ್ಮವನ್ನು ತುಸು ಎತ್ತುತ್ತದೆ, ನೀವು ಕಾಲು ಆಡಿಸಿದಂತೆಲ್ಲ ಚರ್ಮವನ್ನು ಜರುಗಿಸುತ್ತದೆ, ದ್ರವ ಮೇಲೆ ಹೋಗಲು ದಾರಿ ಸಿಗುತ್ತದೆ. ಈ ವಾದದಲ್ಲೇ ಎರಡು ಸೂಚನೆಗಳಿವೆ. ಬಿಗಿದರೆ ಚರ್ಮ ಏಳುವುದಿಲ್ಲ, ಅಮುಕಿಕೊಳ್ಳುತ್ತದೆ. ಕಾಲು ಆಡಿಸದೆ ಮಲಗಿದ್ದರೆ ಟೇಪಿಗೆ ಮಾಡಲು ಕೆಲಸವೇ ಇಲ್ಲ.

ಈಗ ಹಾಕುವ ಕ್ರಮ. ಹರಡಿನ ಹೊರಬದಿ ಉಳುಕಿದ್ದಕ್ಕೆ ಹೇಳುತ್ತೇನೆ, ಹೆಚ್ಚಾಗಿ ಉಳುಕುವುದು ಅದೇ.

5 ಸೆಂಟಿಮೀಟರ್ ಅಗಲದ ರೋಲಿನಿಂದ 20ರಿಂದ 25 ಸೆಂಟಿಮೀಟರ್ ಉದ್ದದ ಎರಡು ತುಂಡು ಕತ್ತರಿಸಿ. ಪ್ರತಿ ತುಂಡಿನ ಒಂದು ತುದಿಯಲ್ಲಿ 4 ಸೆಂಟಿಮೀಟರ್ ಹಾಗೇ ಬಿಡಿ, ಅದು ಬುಡ. ಉಳಿದದ್ದನ್ನು ಉದ್ದಕ್ಕೆ ಮೂರು ಸಲ ಸೀಳಿ, ನಾಲ್ಕು ಬಾಲಗಳಾಗುತ್ತವೆ. ಇದಕ್ಕೇ ಬೀಸಣಿಗೆ ಕಟ್ ಅನ್ನುವುದು. ಹಿಂದಿನ ಕಾಗದದ ಮೇಲೆ ಚೌಕಳಿ ಗೆರೆ ಇದ್ದರೆ ಅದನ್ನೇ ಹಿಡಿದು ಕತ್ತರಿಸಿ. ಎಲ್ಲ ಮೂಲೆಗಳನ್ನೂ ದುಂಡಗೆ ಮಾಡಿ, ಬಾಲದ ತುದಿಗಳನ್ನೂ ಸೇರಿಸಿ. ಚೂಪು ಮೂಲೆ ಕಾಲುಚೀಲಕ್ಕೆ ಸಿಕ್ಕಿ ಮೊದಲ ದಿನವೇ ಮೇಲೇಳುತ್ತದೆ. ಕತ್ತರಿ ಹರಿತವಾಗಿರಲಿ, ಮೊಂಡು ಕತ್ತರಿಯಿಂದ ನೂಲು ಎದ್ದು ಅಂಚು ಬಿಚ್ಚಿಕೊಳ್ಳುತ್ತದೆ.

ಚರ್ಮವನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಕೊಬ್ಬರಿ ಎಣ್ಣೆ, ನೋವಿನ ಎಣ್ಣೆ, ಬಾಮು ಯಾವುದರ ಜಿಡ್ಡೂ ಉಳಿಯಬಾರದು. ಜಿಡ್ಡಿದ್ದರೆ ಅಂಟುವುದಿಲ್ಲ ಅನ್ನುವುದು ಒಂದು ಕಾರಣ, ಟೇಪಿನ ಕೆಳಗೆ ಉಳಿದ ಬಾಮು ಚರ್ಮವನ್ನು ಸುಡುತ್ತದೆ ಅನ್ನುವುದು ದೊಡ್ಡ ಕಾರಣ. ಕೂದಲು ದಟ್ಟವಾಗಿದ್ದರೆ ಟ್ರಿಮ್ಮರಿನಿಂದ ಗಿಡ್ಡ ಮಾಡಿ, ರೇಜರ್ ಹಾಕಿದ ದಿನವೇ ಟೇಪ್ ಅಂಟಿಸಿದರೆ ಉರಿಯುತ್ತದೆ. ಬ್ಯಾಂಡೇಜ್ ಅಂಟಿಗೆ ಹಿಂದೆ ಅಲರ್ಜಿ ಆಗಿದ್ದವರು ಮೊದಲು ಮುಂಗೈಯ ಒಳಬದಿಗೆ ಒಂದು ಸಣ್ಣ ಚೂರು ಅಂಟಿಸಿ 24 ಗಂಟೆ ಕಾದು ನೋಡಿ.

ಕಾಲು ಚಾಚಿ ಕೂತು, ಪಾದದ ತುದಿಯನ್ನು ನೋವಾಗದಷ್ಟು ಕೆಳಕ್ಕೆ ಬಗ್ಗಿಸಿ. ಹೊರಬದಿಯ ಚರ್ಮ ಹಿಗ್ಗಲಿ ಅಂತ ಹೀಗೆ. ಟೇಪ್ ಎಳೆಯುವ ಬದಲು ಚರ್ಮವನ್ನೇ ಹಿಗ್ಗಿಸಿ ಅಂಟಿಸುವುದು ಇದರ ಗುಟ್ಟು. ಬುಡ ಎಲ್ಲಿ ಕೂರಬೇಕು ಅನ್ನುವುದರಲ್ಲಿ ತುಂಬ ಜನ ಎಡವುತ್ತಾರೆ. ದ್ರವ ಹೋಗಬೇಕಾದದ್ದು ಮಂಡಿಯ ಹಿಂಭಾಗ, ತೊಡೆಸಂದು ಕಡೆಗೆ, ಅಲ್ಲಿ ದುಗ್ಧಗ್ರಂಥಿಗಳಿವೆ. ಆದ್ದರಿಂದ ಬುಡ ಯಾವಾಗಲೂ ಮೇಲ್ಗಡೆ, ಬಾಲಗಳು ಊತದ ಮೇಲೆ ಕೆಳಮುಖವಾಗಿ. ಹೊರಬದಿಯ ಉಬ್ಬುಮೂಳೆಯಿಂದ 10ರಿಂದ 12 ಸೆಂಟಿಮೀಟರ್ ಮೇಲೆ, ಕಾಲಿನ ಹೊರ ಹಿಂಬದಿಯಲ್ಲಿ ಮೊದಲ ಬುಡವನ್ನು ಒಂದಿಷ್ಟೂ ಎಳೆಯದೆ ಅಂಟಿಸಿ. ನಂತರ ಬಾಲಗಳನ್ನು ಒಂದೊಂದಾಗಿ ಕಾಗದದಿಂದ ಬಿಡಿಸುತ್ತಾ, ಉಬ್ಬುಮೂಳೆಯ ಮೇಲೆ, ಮುಂದೆ, ಹಿಂದೆ ಹರಡಿಕೊಂಡು ಪಾದದ ಮೇಲ್ಭಾಗದ ಕಡೆಗೆ ಹಾಸುತ್ತಾ ಹೋಗಿ. ಬಾಲಗಳ ನಡುವೆ ಒಂದು ಬೆರಳು ಜಾಗ ಇರಲಿ. ಕೊನೆಯ 2 ಸೆಂಟಿಮೀಟರ್ ಪೂರ್ತಿ ಸಡಿಲ. ಎರಡನೇ ತುಂಡಿನ ಬುಡವನ್ನು ಅದೇ ಎತ್ತರದಲ್ಲಿ ಕಾಲಿನ ಮುಂಬದಿಗೆ ಅಂಟಿಸಿ, ಅದರ ಬಾಲಗಳು ಮೊದಲಿನವನ್ನು ಅಡ್ಡ ಹಾಯುವಂತೆ ಹಿಮ್ಮಡಿ ಕಡೆಗೆ ಇಳಿಸಿ. ಊತದ ಮೇಲೆ ಜಾಳಿಗೆಯಂಥ ಹೆಣಿಗೆ ಬರಬೇಕು. ಎರಡು ತುಂಡು ಸೇರಿ ಹರಡನ್ನು ಸುತ್ತುವರಿಯಬಾರದು, ಹಿಂದೆಯೋ ಒಳಬದಿಯಲ್ಲೋ ಬರಿ ಚರ್ಮ ಉಳಿದಿರಲೇಬೇಕು.

ಬಿಡಿಸಿದ ಕಾಗದವನ್ನೇ ಮೇಲಿಟ್ಟು ಅಂಗೈಯಿಂದ ಹಗುರವಾಗಿ ಸವರಿ. ಕೈಯ ಬಿಸಿಗೆ ಅಂಟು ಚೆನ್ನಾಗಿ ಹಿಡಿಯುತ್ತದೆ, ಜೋರಾಗಿ ಒತ್ತಬೇಕಿಲ್ಲ. ನೋವಿರುವ ಜಾಗವನ್ನು ಗಸಗಸ ಉಜ್ಜುವ ಅಗತ್ಯವಿಲ್ಲ. ಸ್ನಾನ, ಬೆವರು ಬರುವ ಕೆಲಸ ಏನಿದ್ದರೂ ಒಂದು ಗಂಟೆ ಬಿಟ್ಟು. ಪಾದವನ್ನು ಸಹಜ ಸ್ಥಿತಿಗೆ ತಂದಾಗ ಟೇಪಿನ ಮೇಲೆ ಸಣ್ಣ ಸುಕ್ಕು ಮೂಡಬಹುದು. ಮೂಡದಿದ್ದರೆ ಕಿತ್ತು ಮತ್ತೆ ಹಾಕಬೇಕಿಲ್ಲ. ಸುಕ್ಕಿಗೇ ವಿಶೇಷ ಗುಣವಿದೆ ಅಂತ ಮಾರುವವರು ಹೇಳುತ್ತಾರೆ, ಅದನ್ನು ನಂಬಲು ಗಟ್ಟಿ ಆಧಾರ ಸಾಲದು.

ಎಳೆದು ಹಾಕಿದರೆ ಏನಾಗುತ್ತದೆ ಅನ್ನುವುದು ಎರಡನೇ ದಿನ ಗೊತ್ತಾಗುತ್ತದೆ. ಬುಡದ ಅಂಚಿನಲ್ಲಿ, ಬಾಲದ ತುದಿಯಲ್ಲಿ ಕೆಂಪು ಗೆರೆ, ಆಮೇಲೆ ನೀರುಗುಳ್ಳೆ. ಹಿಗ್ಗಿದ ಟೇಪ್ ಕುಗ್ಗಲು ನೋಡುತ್ತದೆ, ಆ ಎಳೆತವೆಲ್ಲ ಬೀಳುವುದು ತುದಿಯ ಚರ್ಮದ ಮೇಲೆ. ಊದಿದ ಚರ್ಮ ಮೊದಲೇ ಬಿಗಿದು ತೆಳ್ಳಗಾಗಿರುತ್ತದೆ, ಬೇಗ ಸುಲಿಯುತ್ತದೆ. ಇನ್ನೂ ಕೆಟ್ಟದ್ದು ಸುತ್ತ ಬಳೆಯ ಹಾಗೆ ಸುತ್ತುವುದು. ಟೇಪಿನ ಕೆಳಗಿನ ಪಾದ ಸಂಜೆಗೆ ಇನ್ನಷ್ಟು ಊದಿರುತ್ತದೆ. ಬೆರಳು ಜುಮ್ಮೆನ್ನುವುದು, ತಣ್ಣಗಾಗುವುದು, ನೀಲಿಗಟ್ಟುವುದು ಕಂಡರೆ ತಕ್ಷಣ ತೆಗೆಯಿರಿ. ತುರಿಕೆಯೂ ತೆಗೆಯಲು ಸಾಕಷ್ಟು ಕಾರಣವೇ, ರೋಲ್ ದುಬಾರಿ ಅಂತ ಸಹಿಸಿಕೊಂಡು ಕೂರಬೇಡಿ.

ಇಷ್ಟೆಲ್ಲ ಮಾಡಿದ ಮೇಲೆ ಊತ ಇಳಿಯುತ್ತದೆಯೇ? ಉತ್ತರ ಮಿಶ್ರವಾಗಿದೆ. ಹರಡು ಉಳುಕಿದ 36 ಕ್ರೀಡಾಪಟುಗಳ ಮೇಲೆ ಬ್ರೆಜಿಲಿನ ಸಂಶೋಧಕರು ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ಟೇಪಿನಿಂದ ಊತ ಹೆಚ್ಚು ಇಳಿದದ್ದು ಕಾಣಲಿಲ್ಲ. ಇನ್ನೊಂದು ಕಡೆ, ದವಡೆ ಮೂಳೆ ಮುರಿತದ ಶಸ್ತ್ರಚಿಕಿತ್ಸೆ ಆದವರ ಬಗ್ಗೆ 2013ರಲ್ಲಿ ಬಂದ ಅಧ್ಯಯನದಲ್ಲಿ ಮುಖದ ಊತ ಟೇಪ್ ಹಾಕಿದವರಲ್ಲಿ ಕಡಿಮೆಯಾಗಿತ್ತು. ಮುಖಕ್ಕೆ ಕ್ರೇಪ್ ಬ್ಯಾಂಡೇಜ್ ಸುತ್ತಲಾಗುವುದಿಲ್ಲ, ಕಾಲಿನ ಹಾಗೆ ಎತ್ತಿ ಇಡಲೂ ಆಗುವುದಿಲ್ಲ. ಬೇರೆ ದಾರಿ ಕಡಿಮೆ ಇರುವ ಕಡೆ ಟೇಪಿಗೆ ಹೆಚ್ಚು ಬೆಲೆ ಅನ್ನುವುದು ನನ್ನ ಅಭಿಪ್ರಾಯ. ಕಾಲಿಗಾದರೆ ಮೊದಲ ಆಯ್ಕೆ ಟೇಪ್ ಅಲ್ಲ. ನೆಟ್‌ನಲ್ಲಿ ಓಡಾಡುವ ಒಂದು ಫೋಟೊ ನೀವೂ ನೋಡಿರುತ್ತೀರಿ: ಟೇಪ್ ತೆಗೆದ ಮೇಲೆ ಬಾಲಗಳಿದ್ದ ಜಾಗದಲ್ಲಿ ಮಾತ್ರ ಕಂದು ಕಲೆ ಮಾಸಿ, ನಡುವೆ ನೇರಳೆ ಪಟ್ಟೆ ಉಳಿದ ಕಾಲು. ಅದು ಆಗುವುದು ನಿಜ. ಆದರೆ ಮಾಸಿದ್ದು ಚರ್ಮದ ಕೆಳಗಿನ ರಕ್ತದ ಕಲೆ. ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಎಷ್ಟು ಕೂಡಿಕೊಂಡಿದೆ ಅಂತ ಆ ಪಟ್ಟೆ ಹೇಳುವುದಿಲ್ಲ. ಫೋಟೊ ನೋಡಿ ಆಟಕ್ಕಿಳಿಯುವವರು ಮತ್ತೆ ಉಳುಕಿಸಿಕೊಳ್ಳುತ್ತಾರೆ.

ಮೊದಲ ಎರಡು ಮೂರು ದಿನ ಕ್ರೇಪ್ ಬ್ಯಾಂಡೇಜ್ ಇರಲಿ, ಬೇಕಿದ್ದರೆ ಟೇಪಿನ ಮೇಲೆಯೇ. ಬೆರಳುಗಳ ಬುಡದಿಂದ ಶುರುಮಾಡಿ ಮೇಲಕ್ಕೆ ಸುತ್ತಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ, ಹಿಮ್ಮಡಿ ಹೊರಗೆ ಉಳಿಯದಿರಲಿ. ಕೆಳಗೆ ತುಸು ಬಿಗಿ, ಮೇಲೆ ಹೋದಂತೆ ಸಡಿಲ. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸು ಬರಬೇಕು. ಮಲಗುವಾಗ ಬಿಚ್ಚಿ, ಕಾಲಡಿ ದಿಂಬಿಟ್ಟು ಪಾದ ಎದೆಯ ಮಟ್ಟಕ್ಕಿಂತ ಮೇಲಿರುವಂತೆ ನೋಡಿಕೊಳ್ಳಿ. ಕುರ್ಚಿಯಲ್ಲಿ ಕೂತು ಎದುರಿನ ಸ್ಟೂಲಿನ ಮೇಲೆ ಕಾಲಿಟ್ಟರೆ ಅಷ್ಟು ಎತ್ತರ ಸಾಲದು. ಎಚ್ಚರವಿದ್ದಾಗ ಗಂಟೆಗೊಮ್ಮೆ ಹತ್ತು ಹದಿನೈದು ಸಲ ಪಾದವನ್ನು ಮೇಲೆ ಕೆಳಗೆ ಆಡಿಸಿ, ಮೀನಖಂಡ ಹಿಂಡಿದಾಗಲೇ ದ್ರವ ಮೇಲೆ ಹೋಗುವುದು. ನೋವು ತಡೆಯುವಷ್ಟು ಇದ್ದರೆ ಭಾರ ಹಾಕಿ ನಡೆಯಲು ಶುರುಮಾಡಿ. ಆಟಕ್ಕೆ ಮರಳುವಾಗ ಈ ಟೇಪನ್ನು ನೆಚ್ಚಬೇಡಿ. ಹಿಗ್ಗುವ ವಸ್ತು ಕಾಲು ಹೊರಳುವುದನ್ನು ತಡೆಯಲಾರದು, ಅದಕ್ಕೆ ಲೇಸ್ ಕಟ್ಟುವ ಬ್ರೇಸ್ ಅಥವಾ ಬಿಳಿಯ ಹಿಗ್ಗದ ಟೇಪ್ ಬೇಕು.

ಕೆಲವರು ಇದನ್ನು ಮುಟ್ಟಲೇಬಾರದು. ಮೀನಖಂಡ ಒಂದೇ ಕಡೆ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದಿರಬಹುದು, ಆ ದಿನವೇ ಆಸ್ಪತ್ರೆಗೆ ಹೋಗಿ. ತೆರೆದ ಗಾಯ, ಚರ್ಮದ ಸೋಂಕು, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ಎರಡೂ ಕಾಲು ಊದುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ವೈದ್ಯರನ್ನು ಕೇಳದೆ ಹಾಕಬೇಡಿ. ಪೆಟ್ಟೇ ಆಗದೆ ತಿಂಗಳುಗಟ್ಟಲೆ ಒಂದು ಕಾಲು ಊದಿದ್ದರೆ, ಅದರಲ್ಲೂ ಆನೆಕಾಲು ರೋಗ ಇರುವ ಕರಾವಳಿ, ಕಲಬುರಗಿ, ಬೀದರ್ ಕಡೆಯವರಾದರೆ, ಮೊದಲು ರಕ್ತ ಪರೀಕ್ಷೆ.

ಸರಿಯಾಗಿ ಹಾಕಿದ ಟೇಪ್ ಮೂರರಿಂದ ಐದು ದಿನ ಇರುತ್ತದೆ, ನಮ್ಮ ಮಳೆಗಾಲದಲ್ಲಿ, ಕರಾವಳಿಯ ಸೆಕೆಯಲ್ಲಿ ಮೂರೇ ಅಂತ ಇಟ್ಟುಕೊಳ್ಳಿ. ಒದ್ದೆಯಾದರೆ ಟವೆಲಿನಿಂದ ಒತ್ತಿ ಒಣಗಿಸಿ. ಹೇರ್ ಡ್ರೈಯರ್ ಹಿಡಿದರೆ ಅಂಟು ಇನ್ನಷ್ಟು ಬಿಗಿದು ತೆಗೆಯುವಾಗ ಚರ್ಮ ಕೀಳುತ್ತದೆ. ತೆಗೆಯಲು ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಮೇಲಿಂದ ಕೆಳಕ್ಕೆ, ಕೂದಲು ಬಾಗಿರುವ ದಿಕ್ಕಿನಲ್ಲಿ, ಒಂದು ಕೈಯಿಂದ ಚರ್ಮ ಒತ್ತಿ ಹಿಡಿದು ಟೇಪನ್ನು ಮಡಚಿಕೊಂಡು ಬಿಡಿಸುತ್ತಾ ಬನ್ನಿ. ಮತ್ತೆ ಹಾಕುವ ಮುಂಚೆ ಚರ್ಮಕ್ಕೆ ಒಂದು ದಿನ ಬಿಡುವು.

ಊತ ಇಳಿಯಿತೋ ಇಲ್ಲವೋ ಕಣ್ಣಂದಾಜಿನಲ್ಲಿ ಹೇಳಬೇಡಿ. ದರ್ಜಿ ಟೇಪು ತಗೊಂಡು ಹರಡು, ಪಾದ ಎರಡನ್ನೂ ಬಳಸಿ ಇಂಗ್ಲಿಷಿನ 8ರ ಆಕಾರದಲ್ಲಿ ಸುತ್ತಿ ಅಳೆಯಿರಿ: ಹರಡಿನ ಮುಂಭಾಗದಿಂದ ಹೊರಟು, ಪಾದದ ಒಳಬದಿಗೆ ಇಳಿದು, ಅಂಗಾಲಿನ ಕೆಳಗೆ ಹಾದು ಹೊರ ಅಂಚಿಗೆ ಬಂದು, ಪಾದದ ಮೇಲಿಂದ ದಾಟಿ ಒಳ ಉಬ್ಬುಮೂಳೆಯ ಕೆಳಗೆ, ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿನ ಹಿಂದೆ ಸುತ್ತಿ, ಹೊರ ಉಬ್ಬುಮೂಳೆಯ ಕೆಳಗಿಂದ ಶುರುವಿನ ಜಾಗಕ್ಕೆ. ಇನ್ನೊಂದು ಕಾಲನ್ನೂ ಹಾಗೇ ಅಳೆದು ವ್ಯತ್ಯಾಸ ಬರೆದಿಡಿ, ದಿನಾ ಒಂದೇ ಹೊತ್ತಿಗೆ. ಬೆಳಿಗ್ಗೆಯ ಅಳತೆಗೆ ಸಂಜೆಯದನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಐದಾರು ದಿನ ಕಳೆದರೂ ವ್ಯತ್ಯಾಸ ಕಡಿಮೆಯಾಗದಿದ್ದರೆ, ಇಲ್ಲವೇ ಕಾಲೂರಲು ಇನ್ನೂ ಆಗದಿದ್ದರೆ, ಎರಡನೇ ರೋಲ್ ಕೊಳ್ಳುವ ದುಡ್ಡನ್ನು ಮೂಳೆ ವೈದ್ಯರ ಫೀಜಿಗೆ ಕೊಡಿ.